ಬಾತುಮರಿಯ ಕಾಲು ಮತ್ತು ಅಹಿಂಸಾಣುವ್ರತದ ಐದು ಅತಿಚಾರಗಳು

ಅಹಿಂಸಾಣುವ್ರತವನ್ನು ಸ್ವೀಕರಿಸಿದ ಗೃಹಸ್ಥನಿಗೆ ಆಚಾರ್ಯರು ಐದು ಅತಿಚಾರಗಳನ್ನು ತಿಳಿಸಿ ಎಚ್ಚರಿಸಿದ್ದಾರೆ. ಪ್ರಾಣಿಯನ್ನು ಕಟ್ಟಿಹಾಕುವುದು ಬಂಧ. ಕೋಲು ಚಾವಟಿಗಳಿಂದ ಹೊಡೆಯುವುದು ವಧ. ಕಿವಿ ಮೂಗು ಮೊದಲಾದ ಅವಯವಗಳನ್ನು ಕತ್ತರಿಸುವುದು ಛೇದ. ಶಕ್ತಿ ಮೀರಿದ ಹೊರೆಯನ್ನು ಹೇರುವುದು ಅತಿಭಾರಾರೋಪಣ. ಹೊತ್ತಿಗೆ ಸರಿಯಾಗಿ ಅನ್ನನೀರು ಕೊಡದಿರುವುದು ಅನ್ನಪಾನನಿರೋಧ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿಯೂ ಸಮಂತಭದ್ರಸ್ವಾಮಿಗಳ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಬರುವ ಈ ಐದನ್ನು ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿದ ಶ್ರಾವಕರು ಅನೇಕರು. ಆದರೆ ಹಟ್ಟಿಯಲ್ಲಿ ಎತ್ತು, ಗಾಡಿಗೆ ಕುದುರೆ ಇದ್ದ ದಿನಗಳು ಬಹುಮಟ್ಟಿಗೆ ಕಳೆದುಹೋಗಿವೆ. ಕಟ್ಟಲು ಪಶುವಿಲ್ಲ, ಹೇರಲು ಗಾಡಿಯಿಲ್ಲ ಎಂಬ ಮನೆಗಳಲ್ಲಿ ಈ ಪಟ್ಟಿ ಪಾಠಕ್ಕೆ ಮಾತ್ರ ಉಳಿದಂತೆ ತೋರುತ್ತದೆ. ಹಾಗಲ್ಲವೆಂಬುದನ್ನು ಒಂದು ಹಿಡಿಗಾತ್ರದ ಜೀವಿಯ ಕಾಲು ತೋರಿಸಿಕೊಡಬಲ್ಲುದು.

ತುಂಗಭದ್ರೆಯ ಅಚ್ಚುಕಟ್ಟಿನಲ್ಲಿಯೂ ಕಾವೇರಿಯ ಬಯಲಿನಲ್ಲಿಯೂ ಭತ್ತದ ಕೊಯಿಲು ಮುಗಿದ ಮೇಲೆ ನೆರೆರಾಜ್ಯಗಳಿಂದ ಬಾತುಕೋಳಿಗಳ ಹಿಂಡುಗಳನ್ನು ಹೊಡೆದುಕೊಂಡು ಬರುವವರುಂಟು. ಉದುರಿದ ಕಾಳನ್ನೂ ಕೆಸರಿನ ಹುಳುಗಳನ್ನೂ ಮೇಯುತ್ತ ಹಿಂಡು ಗದ್ದೆಯಿಂದ ಗದ್ದೆಗೆ ಸಾಗುತ್ತದೆ. ಕಾಲು ಸೋತದ್ದು ಹಿಂದೆ ಉಳಿಯುತ್ತದೆ. ಸಂತೆಗಳಲ್ಲಿ ಮಕ್ಕಳ ಆಸೆಗೆಂದು ಬಾತುಮರಿಗಳನ್ನು ಮಾರುವುದೂ ಉಂಟು. ಆಟ ಮುಗಿದೊಡನೆ ಅವು ಬೀದಿಯ ಪಾಲಾಗುತ್ತವೆ. ಇಂಥ ಒಂದು ಮರಿ ಶ್ರಾವಕನೊಬ್ಬನ ಮನೆಗೆ ಬಂದಿತೆಂದು ಭಾವಿಸೋಣ. ಮೊಟ್ಟೆಯೊಡೆದು ಮೂರೇ ದಿನವಾದ ಆ ಮರಿಗೆ ಎರಡು ಕಾಲುಗಳೂ ಅಕ್ಕಪಕ್ಕಕ್ಕೆ ಜಾರಿ ಹರಡಿಕೊಂಡಿವೆ. ಏಳಲಾರದು, ನೀರಿನ ಬಟ್ಟಲಿನವರೆಗೆ ತೆವಳಲಾರದು. ಎರಡು ಕಾಲುಗಳನ್ನೂ ಮೆತ್ತನೆಯ ಪಟ್ಟಿಯಿಂದ ಸಮೀಪಕ್ಕೆ ತಂದು ಕೆಲವು ದಿನ ಕಟ್ಟಿಡಬೇಕೆಂದು ಬಲ್ಲವರು ಹೇಳುತ್ತಾರೆ. ಶ್ರಾವಕನು ಹಿಂಜರಿಯುತ್ತಾನೆ. ಪಕ್ಷಿಯ ಕಾಲನ್ನು ಕಟ್ಟುವುದು ಬಂಧವಲ್ಲವೆ? ವ್ರತಕ್ಕೆ ದೋಷ ತಟ್ಟುವುದಿಲ್ಲವೆ? ಆಲೋಚನೆಯಲ್ಲಿಯೇ ವಾರ ಕಳೆಯುತ್ತದೆ. ಅಷ್ಟರಲ್ಲಿ ಎಳೆಯ ಎಲುಬು, ಕೀಲು, ಸ್ನಾಯುಗಳು ಹರಡಿಕೊಂಡ ಸ್ಥಿತಿಯಲ್ಲಿಯೇ ಬಲಿಯುತ್ತವೆ. ಮೊದಲ ಕೆಲವು ದಿನಗಳಲ್ಲಿ ಸುಲಭವಾಗಿ ಸರಿಹೋಗುತ್ತಿದ್ದ ಕಾಲು ಆಮೇಲೆ ಬಹುಮಟ್ಟಿಗೆ ಸರಿಹೋಗದು.

ಇಲ್ಲಿ ವಿಚಾರಿಸತಕ್ಕ ಪ್ರಶ್ನೆ ಇದೇ. ಕಟ್ಟಿದವನು ದೋಷಿಯೊ, ಕಟ್ಟದೆ ಬಿಟ್ಟವನು ದೋಷಿಯೊ?

ಉತ್ತರಕ್ಕೆ ಮೊದಲು ಹಿಂಸೆಯ ಲಕ್ಷಣವನ್ನು ನೆನೆಯಬೇಕು. ಪ್ರಮಾದಯುಕ್ತವಾದ ಮನೋವಾಕ್ಕಾಯಗಳಿಂದ ಪ್ರಾಣಗಳಿಗೆ ಘಾತವಾಗುವುದೇ ಹಿಂಸೆಯೆಂದು ಸೂತ್ರಕಾರರ ಅಭಿಪ್ರಾಯ. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇದನ್ನು ಇನ್ನೂ ಸ್ಪಷ್ಟಪಡಿಸಿದ್ದಾರೆ. ಯತ್ನವಿಲ್ಲದೆ ನಡೆಯುವವನಿಗೆ ಜೀವಿಯು ಸತ್ತರೂ ಬದುಕಿದರೂ ಹಿಂಸೆ ನಿಶ್ಚಿತ. ಸಮಿತಿಯಿಂದ ನಡೆಯುವವನಿಗೆ ಕೇವಲ ಬಾಹ್ಯಘಾತದಿಂದ ಬಂಧವಿಲ್ಲ. ಈ ಮಾತಿನ ಉತ್ತರಾರ್ಧವನ್ನು ನೆಚ್ಚಿ ‘ನನ್ನ ಭಾವ ಶುದ್ಧವಾಗಿದೆ, ಸಾಕು’ ಎಂದುಕೊಳ್ಳುವವರು ಪೂರ್ವಾರ್ಧವನ್ನು ಮರೆಯುತ್ತಾರೆ. ಯತ್ನವೆಂದರೆ ಒಳ್ಳೆಯ ಮನಸ್ಸು ಮಾತ್ರವಲ್ಲ. ನೋಡುವುದು, ತಿಳಿಯುವುದು, ಸಕಾಲದಲ್ಲಿ ಮಾಡುವುದು. ನೋಡದೆ ನಡೆದ ಮುನಿಗೆ ‘ನನಗೆ ಹುಳುವಿನ ಮೇಲೆ ದ್ವೇಷವಿರಲಿಲ್ಲ’ ಎಂಬ ಸಮಾಧಾನ ಒದಗುವುದಿಲ್ಲ. ಹಾಗೆಯೇ ತನ್ನ ಆಶ್ರಯಕ್ಕೆ ಬಂದ ಜೀವಿಯ ದೇಹಧರ್ಮವನ್ನು ತಿಳಿಯದೆ ಸಾಕುವವನ ದಯೆಯೂ ಪ್ರಮಾದದ ಗಡಿಯಲ್ಲಿಯೇ ಇದೆ. ಐದು ಅತಿಚಾರಗಳನ್ನು ಒಂದೊಂದಾಗಿ ಬಾತುಮರಿಯ ಕಾಲಿಗೆ ಹಿಡಿದು ನೋಡಿದರೆ ಈ ಮಾತು ತಿಳಿಯಾಗುತ್ತದೆ.

ಮೊದಲು ಆ ಕಾಲಿನ ರಚನೆಯನ್ನು ತಿಳಿಯೋಣ. ಬಾತುಕೋಳಿಯು ಅಂಡಜ, ಪಂಚೇಂದ್ರಿಯ ತಿರ್ಯಂಚ. ಮುಂದಿನ ಮೂರು ಬೆರಳುಗಳನ್ನು ಚರ್ಮದ ಪೊರೆಯೊಂದು ಕೂಡಿಸಿದೆ. ಹಿಂದೆ ಒಂದು ಪುಟ್ಟ ಬೆರಳು. ಕಾಲುಗಳು ದೇಹದ ಹಿಂಭಾಗಕ್ಕೆ ಸರಿದಿವೆ. ನೀರನ್ನು ತಳ್ಳಲು ಇದು ಅನುಕೂಲವಾದ ರಚನೆ. ನೆಲದ ಮೇಲೆ ದೇಹದ ಭಾರವನ್ನು ಹೊರಲು ಅಷ್ಟು ಅನುಕೂಲವಲ್ಲ. ನೀರಿನಲ್ಲಿ ಆ ಭಾರವನ್ನು ನೀರೇ ಹೊರುತ್ತದೆ. ಮನೆಯೊಳಗೆ ಸಾಕುವಾಗ ಎಲ್ಲ ಭಾರವೂ ಹಗಲಿರುಳು ಎರಡು ಎಳೆಯ ಕಾಲುಗಳ ಮೇಲೆ ಬೀಳುತ್ತದೆ. ಆದುದರಿಂದ ಸಾಕಿದ ಬಾತುಮರಿಯಲ್ಲಿ ಮೊದಲು ಕೆಡುವ ಅಂಗಗಳಲ್ಲಿ ಕಾಲೂ ಒಂದು.

ಈಗ ಬಂಧದ ವಿಚಾರ. ಕಾಲು ಹರಡಿಕೊಳ್ಳುವುದಕ್ಕೆ ಸಾಮಾನ್ಯ ಕಾರಣ ನುಣುಪಾದ ನೆಲ. ಪಾಲಿಶ್ ಮಾಡಿದ ಕಲ್ಲು, ಹಾಸಿದ ವೃತ್ತಪತ್ರಿಕೆ, ರಟ್ಟಿನ ಪೆಟ್ಟಿಗೆಯ ತಳ ಇವುಗಳ ಮೇಲೆ ಎಳೆಯ ಪಾದಕ್ಕೆ ಹಿಡಿತ ಸಿಗದು. ಒರಟು ಬಟ್ಟೆಯನ್ನೊ ಗೋಣಿತಟ್ಟನ್ನೊ ಮೊದಲ ದಿನವೇ ಹಾಸಿದ್ದರೆ ಕಟ್ಟುವ ಪ್ರಸಂಗವೇ ಬಹುಶಃ ಬರುತ್ತಿರಲಿಲ್ಲ. ಬಂದ ಮೇಲೆ ಕಟ್ಟಲೇಬೇಕು. ಪಶುವನ್ನು ಕಟ್ಟುವ ವಿಷಯದಲ್ಲಿ ಶ್ರಾವಕಾಚಾರವನ್ನು ವಿವರಿಸಿದವರು ಒಂದು ವಿವೇಕವನ್ನು ಹೇಳಿದ್ದಾರೆ. ಪ್ರಯೋಜನವಿಲ್ಲದೆ ಕಟ್ಟಬಾರದು, ಪ್ರಯೋಜನಕ್ಕೆ ಕಟ್ಟಿದರೂ ಸಡಿಲವಾಗಿ, ಬೆಂಕಿ ಬಿದ್ದರೆ ತಟ್ಟನೆ ಬಿಚ್ಚಬರುವಂತೆ ಕಟ್ಟಬೇಕು. ಬಾತುಮರಿಯ ಕಾಲಿಗೂ ಇದೇ ವಿಧಿ. ಅರ್ಧ ಅಂಗುಲದ ಮೆತ್ತನೆಯ ಪಟ್ಟಿ. ಕೀಲಿನ ಮೇಲಲ್ಲ, ಪಾದಕ್ಕೂ ಕೀಲಿಗೂ ನಡುವೆ. ಕಾಲುಗಳು ಒಂದಕ್ಕೊಂದು ತಾಗದೆ ಸಹಜವಾಗಿ ನಿಲ್ಲುವಾಗ ಇರುವಷ್ಟೇ ಅಂತರದಲ್ಲಿ. ದಿನಕ್ಕೆ ಹಲವು ಬಾರಿ ನೋಡಬೇಕು. ಪಾದ ಊದಿದರೆ, ಬಣ್ಣ ಕಂದಿದರೆ ಒಡನೆ ಬಿಚ್ಚಬೇಕು. ಕಟ್ಟಿದ ಮರಿಯನ್ನು ಆಳವಾದ ನೀರಿನ ಬಳಿ ಬಿಡಲೇಬಾರದು. ಸಾಮಾನ್ಯವಾಗಿ ಮೂರರಿಂದ ಏಳು ದಿನಗಳಲ್ಲಿ ಕಾಲು ನೇರವಾಗುತ್ತದೆ. ನೇರವಾದ ದಿನವೇ ಕಟ್ಟು ಕಳಚಬೇಕು. ನೂಲು, ಕೂದಲು, ಗಾಳಿಪಟದ ದಾರ ಇವು ಬೆರಳಿಗೆ ಸುತ್ತಿಕೊಂಡರೆ ಅದೂ ಒಂದು ಕಟ್ಟೇ. ಯಾರೂ ಕಟ್ಟದೆ ಬಿದ್ದ ಆ ಕಟ್ಟು ಗಮನಕ್ಕೆ ಬಾರದೆ ಬಿಗಿಯುತ್ತ ಹೋಗಿ ಬೆರಳು ಕೊಳೆತು ಬೀಳುವುದುಂಟು. ಮನೆಯವನು ತಿಳಿದು ಕಟ್ಟಿ ಕಾದ ಪಟ್ಟಿ ಬಂಧವಲ್ಲ. ನೆಲದ ಮೇಲೆ ಅಜಾಗರೂಕತೆಯಿಂದ ಬಿಟ್ಟ ನೂಲು ಬಂಧ.

ದೆಹಲಿಯಲ್ಲಿ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿರುವ ಪಕ್ಷಿಚಿಕಿತ್ಸಾಲಯವನ್ನು ಇಲ್ಲಿ ಸ್ಮರಿಸಬಹುದು. ಗಾಳಿಪಟದ ದಾರದಿಂದ ರೆಕ್ಕೆ, ಕಾಲು ಕತ್ತರಿಸಿಕೊಂಡ ಹಕ್ಕಿಗಳನ್ನು ಜನರು ಅಲ್ಲಿಗೆ ಹೊತ್ತು ತರುತ್ತಾರೆ. ಗುಣವಾಗುವವರೆಗೆ ಅವು ಪಂಜರದಲ್ಲಿಯೇ ಇರಬೇಕು. ಹೊರನೋಟಕ್ಕೆ ಅದೂ ಬಂಧವೇ. ಆದರೆ ಆ ಪಂಜರದ ಬಾಗಿಲು ಎಂದು ತೆರೆಯಬೇಕೆಂಬುದನ್ನು ಹಕ್ಕಿಯ ಗಾಯವು ನಿರ್ಣಯಿಸುತ್ತದೆಯೆ ಹೊರತು ಸಾಕಿದವನ ಆಸೆಯಲ್ಲ. ಬಂಧವೆಂಬ ಅತಿಚಾರಕ್ಕೂ ಚಿಕಿತ್ಸೆಗೂ ಇರುವ ಅಂತರವನ್ನು ಅಳೆಯಲು ಇದಕ್ಕಿಂತ ಸರಳವಾದ ಮಾನದಂಡವಿಲ್ಲ.

ಎರಡನೆಯದು ವಧ. ಕುಂಟುವ ಮರಿಯನ್ನು ‘ನಡೆದರೆ ಸರಿಹೋದೀತು’ ಎಂದು ಕಡ್ಡಿಯಿಂದ ತಟ್ಟಿ ಎಬ್ಬಿಸುವವರುಂಟು. ಮಕ್ಕಳು ಅದನ್ನು ಒಂದು ಕಾಲು ಹಿಡಿದು ಎತ್ತುವುದುಂಟು. ಬಾತುಕೋಳಿಯ ಕಾಲು ಇಂಥ ಎಳೆತವನ್ನು ತಾಳುವುದಿಲ್ಲ. ಸಂದು ಕಳಚಬಹುದು, ಎಲುಬು ಮುರಿಯಬಹುದು. ಎರಡು ಅಂಗೈಗಳನ್ನು ದೇಹದ ಕೆಳಗೆ ಇಟ್ಟು, ಕಾಲುಗಳಿಗೆ ಆಧಾರ ಕೊಟ್ಟು ಎತ್ತಬೇಕು. ವ್ಯಾಯಾಮ ಬೇಕಾದರೆ ಅದಕ್ಕೆ ಹೊಡೆತ ಬೇಡ, ನೀರು ಸಾಕು. ಅಗಲವಾದ ಪಾತ್ರೆಯಲ್ಲಿ ಸೋಸಿದ ಉಗುರುಬೆಚ್ಚಗಿನ ನೀರನ್ನು ತುಂಬಿ, ಪಾದ ತಳಕ್ಕೆ ಮುಟ್ಟುವಷ್ಟು ಆಳದಲ್ಲಿ ಕೆಲವು ನಿಮಿಷ ಕೈಯ ಆಸರೆಯಲ್ಲಿ ಬಿಟ್ಟರೆ ಭಾರವಿಲ್ಲದೆ ಕಾಲಾಡಿಸುತ್ತದೆ. ತಾಯಿಯಿಲ್ಲದ ಮರಿಯ ತುಪ್ಪುಳು ನೀರನ್ನು ಹೀರುತ್ತದೆ, ಬೇಗ ಚಳಿ ಹಿಡಿಯುತ್ತದೆ. ಆದಕಾರಣ ಹೊರತೆಗೆದ ಒಡನೆ ಒರಸಿ ಬೆಚ್ಚಗೆ ಇಡಬೇಕು. ಮೊದಲ ವಾರ ಸುಮಾರು 32 ಡಿಗ್ರಿ ಸೆಲ್ಸಿಯಸ್ ಬೆಚ್ಚನೆಯ ಎಡೆ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ರಾತ್ರಿಯಲ್ಲಿ ತೆರೆದ ದೀಪದ ಕಾವು ಕೊಟ್ಟರೆ ಹುಳುಗಳು ಮುತ್ತಿ ಸಾಯುತ್ತವೆ. ಬಿಸಿನೀರಿನ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟು ಆಗಾಗ ಬದಲಿಸುವುದು, ಅಥವಾ ದೀಪಕ್ಕೆ ಸಣ್ಣ ಕಣ್ಣಿನ ಜಾಲರಿ ಕಟ್ಟುವುದು ಶ್ರಾವಕನಿಗೆ ಯೋಗ್ಯ.

ಮೂರನೆಯದು ಛೇದ. ಒರಟು ಸಿಮೆಂಟು, ತಂತಿಯ ಜಾಲರಿ, ಚೂಪುಗಲ್ಲು ಇವುಗಳಿಂದ ಅಂಗಾಲಿನಲ್ಲಿ ಸಣ್ಣ ಗೀರು ಬೀಳುತ್ತದೆ. ಒದ್ದೆಯಾಗಿ ಹೊಲಸಾದ ಹಾಸಿನ ಮೇಲೆ ನಿಂತರೆ ಆ ಗೀರಿನ ಮೂಲಕ ಸ್ಟೆಫೈಲೊಕಾಕಸ್ ಮೊದಲಾದ ಸೂಕ್ಷ್ಮಾಣುಗಳು ಒಳಹೊಕ್ಕು ಕೀವುಗಡ್ಡೆಯಾಗುತ್ತದೆ. ಅಂಗಾಲು ಊದಿ ಬಿಸಿಯಾಗುವುದು, ನಡುವೆ ಕಪ್ಪು ಹೊಪ್ಪಳೆ ಕಟ್ಟುವುದು ಇದರ ಲಕ್ಷಣ. ಮೊದಲ ಹಂತದಲ್ಲಿ, ಕಾಯಿಸಿ ಆರಿಸಿದ ಉಗುರುಬೆಚ್ಚಗಿನ ನೀರಿಗೆ ಎಪ್ಸಮ್ ಉಪ್ಪು ಹಾಕಿ ಪಾದವನ್ನು ಅದ್ದಿಡುವುದು, ಒರಸಿ ನಂಜುನಿವಾರಕ ಹಚ್ಚಿ ಪಟ್ಟಿ ಕಟ್ಟುವುದು, ಒಣಗಿದ ಮೆತ್ತನೆಯ ಹಾಸಿನ ಮೇಲೆ ಇರಿಸುವುದು ಸಾಕಾಗಬಹುದು. ಗಡ್ಡೆ ಬಲಿತಿದ್ದರೆ ಪಶುವೈದ್ಯನು ಅದನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ. ಬಿಟ್ಟರೆ ನಂಜು ಎಲುಬು ಕೀಲುಗಳಿಗೆ ಇಳಿಯುತ್ತದೆ. ಈ ಕೆಲಸವನ್ನು ಮನೆಯವನು ಅಡುಗೆಮನೆಯ ಚಾಕುವಿನಿಂದ ಮಾಡಿದರೆ ಅದು ಛೇದ. ವಿದ್ಯೆಯುಳ್ಳವನು ನೋವು ತಿಳಿಯದಂತೆ ಮಾಡಿದರೆ ಔಷಧದಾನ.

ಇಲ್ಲಿ ಒಂದು ಶಂಕೆ ಏಳುತ್ತದೆ. ನಂಜುನಿವಾರಕದಿಂದ ಅಸಂಖ್ಯ ಸೂಕ್ಷ್ಮಜೀವಿಗಳು ನಾಶವಾಗುವುದಿಲ್ಲವೆ? ಒಂದು ಪ್ರಾಣಿಗಾಗಿ ಅನೇಕ ಜೀವಿಗಳ ಘಾತವು ಹೇಗೆ ದಯೆಯಾದೀತು? ಸಮಾಧಾನವೇನೆಂದರೆ, ಗೃಹಸ್ಥನ ವ್ರತವು ಸ್ಥೂಲವ್ರತ. ಸಂಕಲ್ಪಪೂರ್ವಕವಾದ ತ್ರಸಹಿಂಸೆಯನ್ನು ಅವನು ತ್ಯಜಿಸಿದ್ದಾನೆ. ಬದುಕಿನ ಆರಂಭಗಳಲ್ಲಿ ತಪ್ಪಿಸಲಾಗದ ಸೂಕ್ಷ್ಮಘಾತವನ್ನು ಸಂಪೂರ್ಣವಾಗಿ ತ್ಯಜಿಸಿಲ್ಲ, ಕಡಿಮೆ ಮಾಡಲು ಬದ್ಧನಾಗಿದ್ದಾನೆ. ಪಂಚೇಂದ್ರಿಯ ಜೀವಿಯ ಗಾಯವನ್ನು ತೊಳೆಯುವವನ ಸಂಕಲ್ಪವು ಗಾಯವನ್ನು ಶುದ್ಧಿ ಮಾಡುವುದೇ ಹೊರತು ಕೊಲ್ಲುವುದಲ್ಲ. ಜೀವಿಗಳನ್ನು ಎಣಿಸಿ ತೂಗುವ ಲೆಕ್ಕವು ಶಾಸ್ತ್ರದ ಲೆಕ್ಕವಲ್ಲ. ಆದರೆ ಈ ಸಮಾಧಾನದಲ್ಲಿಯೇ ನಿದ್ರೆ ಹೋಗಬಾರದು. ಪ್ರತಿದಿನ ಹಾಸನ್ನು ಬದಲಿಸಿ ಒಣಗಿಸಿದ್ದರೆ ಗಾಯವೂ ಇಲ್ಲ, ಕೀವೂ ಇಲ್ಲ, ಔಷಧದ ಘಾತವೂ ಇಲ್ಲ. ಪ್ರೋಷಧೋಪವಾಸದ ಅತಿಚಾರಗಳಲ್ಲಿ ನೋಡದೆ ಗುಡಿಸದೆ ಹಾಸಿಗೆ ಹಾಸುವುದನ್ನು ಹೇಳಿದೆಯಷ್ಟೆ. ಉಪವಾಸದ ದಿನ ತನ್ನ ಚಾಪೆಗೆ ತೋರುವ ಎಚ್ಚರವನ್ನೇ ಮರಿಯ ಗೋಣಿತಟ್ಟಿಗೂ ತೋರಿದರೆ ಪಾದದ ಹೆಚ್ಚಿನ ರೋಗಗಳು ಹತ್ತಿರ ಸುಳಿಯುವುದಿಲ್ಲ.

ನಾಲ್ಕನೆಯದು ಅತಿಭಾರಾರೋಪಣ. ಬಾತುಮರಿಯ ಮೇಲೆ ಹೊರೆ ಹೇರುವವರು ಯಾರು ಎಂದು ಕೇಳಬಹುದು. ಅದರ ಬೆನ್ನಿನ ಮೇಲೆ ಯಾರೂ ಹೇರುವುದಿಲ್ಲ, ಅದರ ದೇಹವನ್ನೇ ಹೊರೆ ಮಾಡುತ್ತಾರೆ. ಬಾತುಮರಿ ಬಹುಬೇಗ ಬೆಳೆಯುವ ಜೀವಿ. ಹೆಚ್ಚು ಸಾರಜನಕಾಂಶವುಳ್ಳ, ಬೇಗ ತೂಕ ಬರಿಸುವ ಆಹಾರವನ್ನು ಪ್ರೀತಿಯಿಂದ ಮಿತಿಯಿಲ್ಲದೆ ತಿನ್ನಿಸಿದರೆ ಎಲುಬು ಬಲಿಯುವ ಮೊದಲೇ ದೇಹ ತೂಗುತ್ತದೆ, ಕಾಲು ಬಾಗುತ್ತದೆ. ಮೊದಲ ಎರಡು ಮೂರು ವಾರ ಪುಷ್ಟಿಯಾದ ಆಹಾರ ಬೇಕು. ಆಮೇಲೆ ಹಸಿರು ಸೊಪ್ಪನ್ನು ಹೆಚ್ಚಿಸಿ, ಬೆಳವಣಿಗೆ ನಿಧಾನವಾಗುವಂತೆ ನೋಡಿಕೊಳ್ಳಬೇಕು. ದಿನವೂ ಸ್ವಲ್ಪ ಹೊತ್ತು ಎಳೆಬಿಸಿಲು ಬೇಕು; ಬಿಸಿಲಿನಿಂದ ದೊರೆಯುವ ಡಿ ಜೀವಸತ್ತ್ವವೂ ಸುಣ್ಣ, ರಂಜಕಗಳ ಸರಿಯಾದ ಪ್ರಮಾಣವೂ ಇಲ್ಲದಿದ್ದರೆ ಎಲುಬು ಮೆದುವಾಗುತ್ತದೆ. ಪ್ರೀತಿಯೂ ಮಿತಿ ಮೀರಿದರೆ ಭಾರವಾಗುತ್ತದೆಂಬುದಕ್ಕೆ ಇಲ್ಲಿ ದೃಷ್ಟಾಂತವನ್ನು ಹುಡುಕಬೇಕಾಗಿಲ್ಲ, ತಕ್ಕಡಿಯೇ ಹೇಳುತ್ತದೆ.

ಐದನೆಯದಾದ ಅನ್ನಪಾನನಿರೋಧವು ಎಲ್ಲಕ್ಕಿಂತ ಸೂಕ್ಷ್ಮವಾದುದು. ಹೊಟ್ಟೆ ತುಂಬ ಇಟ್ಟೂ ಅನ್ನವನ್ನು ನಿರೋಧಿಸಬಹುದೆಂಬುದು ಇಲ್ಲಿ ತಿಳಿಯುತ್ತದೆ. ಕೋಳಿಮರಿಗೆ ಸಾಲುವ ಆಹಾರ ಬಾತುಮರಿಗೆ ಸಾಲದು. ಬಿ ಗುಂಪಿನ ನಯಾಸಿನ್ ಎಂಬ ಜೀವಸತ್ತ್ವವನ್ನು ಕೋಳಿಯು ತನ್ನ ದೇಹದಲ್ಲಿಯೇ ಟ್ರಿಪ್ಟೊಫ್ಯಾನ್ ಎಂಬ ಅಂಶದಿಂದ ಕೆಲಮಟ್ಟಿಗೆ ತಯಾರಿಸಿಕೊಳ್ಳುತ್ತದೆ. ಬಾತಿಗೆ ಆ ಸಾಮರ್ಥ್ಯ ಬಹಳ ಕಡಿಮೆ. ಕೋಳಿಮರಿಯ ಆಹಾರದಲ್ಲಿ ಕಿಲೋ ಒಂದಕ್ಕೆ ಸುಮಾರು 27ರಿಂದ 35 ಮಿಲಿಗ್ರಾಂ ಸಾಕಾದರೆ ಬಾತುಮರಿಗೆ 55 ಮಿಲಿಗ್ರಾಂ ಬೇಕೆಂದು ಗೊತ್ತುಮಾಡಿದ್ದಾರೆ. ಮೆಕ್ಕೆಜೋಳದಲ್ಲಿ ಈ ಸತ್ತ್ವವಿದ್ದರೂ ಬಹುಪಾಲು ದೇಹಕ್ಕೆ ದಕ್ಕದ ರೂಪದಲ್ಲಿದೆ. ಕೊರತೆಯಾದರೆ ಮೊಣಕಾಲಿನಂತೆ ತೋರುವ ಹಿಮ್ಮಡಿಯ ಕೀಲು ದಪ್ಪವಾಗುತ್ತದೆ, ಕಾಲು ಬಿಲ್ಲಿನಂತೆ ಬಾಗುತ್ತದೆ, ಮರಿ ನಿಲ್ಲದೆ ಕುಳಿತೇ ಇರುತ್ತದೆ. ರೈಬೋಫ್ಲೇವಿನ್ ಎಂಬ ಇನ್ನೊಂದು ಸತ್ತ್ವದ ಕೊರತೆಯಿಂದ ಕಾಲಿನ ನರ ಕೆಟ್ಟು ಬೆರಳುಗಳು ಒಳಕ್ಕೆ ಮುದುಡುತ್ತವೆ. ಆರಂಭದಲ್ಲಿ ಕೊಟ್ಟರೆ ಗುಣವುಂಟು. ತಡವಾದರೆ ನರದ ಕೇಡು ಉಳಿದುಬಿಡುತ್ತದೆ.

ಪರಿಹಾರವು ಶ್ರಾವಕನ ಮನೆಗೆ ದೂರವಲ್ಲ. ತಾಜಾ ಅಕ್ಕಿತೌಡು, ಗೋಧಿಬೂಸ, ಕಡಲೆಕಾಯಿ, ಸೂರ್ಯಕಾಂತಿ ಬೀಜ ಇವುಗಳಲ್ಲಿ ನಯಾಸಿನ್ ಸಮೃದ್ಧವಾಗಿದೆ. ಆದರೆ ಧಾನ್ಯದ ತೌಡಿನಲ್ಲಿಯೂ ಅದರ ಒಂದು ಪಾಲು ದಕ್ಕದ ರೂಪದಲ್ಲಿರುವುದರಿಂದ, ಕಾಲು ಬಾಗತೊಡಗಿದ ಮರಿಗೆ ತೌಡೊಂದನ್ನೇ ನೆಚ್ಚಬಾರದು. ಔಷಧದಂಗಡಿಯಲ್ಲಿ ಸಿಗುವ ನಯಾಸಿನ್ ಮಾತ್ರೆಯನ್ನು ಪುಡಿಮಾಡಿ ನಾಲ್ಕು ಲೀಟರ್ ನೀರಿಗೆ 100ರಿಂದ 150 ಮಿಲಿಗ್ರಾಂ ಬೆರೆಸಿ ಕುಡಿಸುವುದು ರೂಢಿಯಲ್ಲಿರುವ ಕ್ರಮ. ಯೀಸ್ಟ್ ಬಳಸಲು ಮನಸ್ಸೊಪ್ಪದ ಮನೆಗಳಿಗೂ ಇದು ಅನುಕೂಲ. ಕ್ಯಾಪ್ಸೂಲುಗಳ ಹೊದಿಕೆ ಸಾಮಾನ್ಯವಾಗಿ ಪ್ರಾಣಿಜನ್ಯ ಜೆಲಟಿನ್ ಆಗಿರುವುದರಿಂದ ಮಾತ್ರೆಯೇ ಉತ್ತಮ. ಅಂಗಡಿಯ ಮರಿಯಾಹಾರದಲ್ಲಿ ಮೀನಿನ ಪುಡಿ ಇರುವುದುಂಟು. ಸೋಯಾ ಹಿಂಡಿಯದನ್ನು ಕೇಳಿ ಕೊಳ್ಳಬೇಕು. ತಿಪ್ಪೆಯಲ್ಲಿ ಹುಳು ಹುಡುಕಿ ತಿನ್ನಿಸುವುದು ವ್ರತಿಯ ಕೆಲಸವಲ್ಲ. ಅದು ಅನಿವಾರ್ಯವೂ ಅಲ್ಲ.

ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು ಬಾತುಮರಿಗೆ ಎಂದಿಗೂ ಕೊಡಬಾರದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿಕೋಳಿ ಮರಿಗಳು ಸತ್ತುವು, ಬಾತುಮರಿಗಳೂ ಸತ್ತುವು. ಬ್ರೆಜಿಲ್ ದೇಶದಿಂದ ತರಿಸಿದ ಕಡಲೆಕಾಯಿ ಹಿಂಡಿಯಲ್ಲಿ ಬೆಳೆದಿದ್ದ ಬೂಷ್ಟಿನ ವಿಷವೇ ಕಾರಣವೆಂದು ಪತ್ತೆಯಾಯಿತು. ಅಫ್ಲಟಾಕ್ಸಿನ್ ಎಂಬ ಆ ವಿಷಕ್ಕೆ ಬಾತುಮರಿಯಷ್ಟು ಬೇಗ ಬಲಿಯಾಗುವ ಜೀವಿಗಳು ಕಡಿಮೆ. ರಸ ಚಲಿಸಿದ ಪದಾರ್ಥವು ಅಭಕ್ಷ್ಯವೆಂದು ತನ್ನ ತಟ್ಟೆಯಿಂದ ತೆಗೆದಿಡುವ ಶ್ರಾವಕನು ಅದನ್ನೇ ಹಕ್ಕಿಯ ಬಟ್ಟಲಿಗೆ ಸುರಿದರೆ ಆ ನಿಯಮದ ಅರ್ಥವನ್ನು ಅರ್ಧ ಮಾತ್ರ ತಿಳಿದಂತಾಯಿತು. ಕಾಲು ಗುಣವಾಗಲೆಂದು ಕೊಟ್ಟ ಹಿಂಡಿಯಿಂದಲೇ ಪ್ರಾಣ ಹೋದರೆ ‘ಒಳ್ಳೆಯದಕ್ಕೇ ಕೊಟ್ಟೆ’ ಎಂಬ ಮಾತು ಯಾರನ್ನು ಉಳಿಸೀತು?

ನೀರಿನ ವಿಷಯವೂ ಹೀಗೆಯೇ. ಬಾತುಮರಿಯು ನೀರಿಲ್ಲದೆ ಒಣ ಆಹಾರವನ್ನು ನುಂಗಲಾರದು, ಗಂಟಲು ಕಟ್ಟುತ್ತದೆ. ಆಹಾರವಿರುವಾಗಲೆಲ್ಲ ನೀರಿರಬೇಕು, ಅದು ಕೊಕ್ಕಿನ ಮೂಗುತೂತುಗಳು ಮುಳುಗುವಷ್ಟು ಆಳವಿರಬೇಕು, ಏಕೆಂದರೆ ಮೂಗನ್ನು ತೊಳೆದುಕೊಳ್ಳುವುದು ಅದರ ಸ್ವಭಾವ. ಚೆಲ್ಲಿದ ನೀರು ಹಾಸನ್ನು ಒದ್ದೆ ಮಾಡಿ ಪಾದವನ್ನು ಕೆಡಿಸುತ್ತದೆ. ಆದುದರಿಂದ ಬಟ್ಟಲನ್ನು ತಟ್ಟೆಯೊಳಗಿಟ್ಟು ಹಾಸಿನಿಂದ ದೂರ ಇರಿಸಬೇಕು. ನಡೆಯಲಾರದ ಮರಿಗೆ ಎರಡನ್ನೂ ಕೊಕ್ಕಿನ ಬಳಿಗೇ ಒಯ್ಯಬೇಕು. ತುಂಬಿದ ಬಟ್ಟಲು ಒಂದು ಮೊಳ ದೂರದಲ್ಲಿದ್ದರೂ ಕಾಲಿಲ್ಲದ ಮರಿಗೆ ಅದು ಅನ್ನಪಾನನಿರೋಧವೇ.

ಉಪವಾಸವ್ರತಗಳನ್ನು ಆಚರಿಸುವ ಮನೆಗಳಲ್ಲಿ ಇದಕ್ಕೆ ಸೇರಿದ ಇನ್ನೊಂದು ಶಂಕೆಯುಂಟು. ಅಷ್ಟಮಿ ಚತುರ್ದಶಿಗಳಲ್ಲಿ ಆರಂಭವನ್ನು ತ್ಯಜಿಸಿ ಸ್ವಾಧ್ಯಾಯ ಧ್ಯಾನಗಳಲ್ಲಿ ಕಳೆಯಬೇಕಾದ ಉಪವಾಸಿಯು ಮರಿಯ ಪಾತ್ರೆ ತೊಳೆಯುವುದು, ಹಾಸು ಬದಲಿಸುವುದು ಮಾಡಬಹುದೆ? ಮನೆಯಲ್ಲಿ ಬೇರೆಯವರಿದ್ದರೆ ಅವರಿಗೆ ಹಿಂದಿನ ದಿನವೇ ಒಪ್ಪಿಸುವುದು ಯುಕ್ತ. ಯಾರೂ ಇಲ್ಲದಿದ್ದರೆ ತಾನೇ ಯತ್ನದಿಂದ ಮಾಡುವುದು ಯುಕ್ತ. ಉಪವಾಸವು ತನ್ನ ಇಂದ್ರಿಯಗಳನ್ನು ನಿಗ್ರಹಿಸುವುದಕ್ಕೆ. ಪರಾಧೀನ ಜೀವಿಯ ಹಸಿವನ್ನು ತನ್ನ ತಪಸ್ಸಿಗೆ ಸೇರಿಸಿಕೊಳ್ಳುವುದಕ್ಕಲ್ಲ. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಹೇಳಿದ ನಾಲ್ಕು ದತ್ತಿಗಳಲ್ಲಿ ದಯಾದತ್ತಿಯೂ ಒಂದು. ಅನುಗ್ರಹಕ್ಕೆ ಯೋಗ್ಯವಾದ ದೀನಜೀವಿಗಳಿಗೆ ಅಭಯವನ್ನೀಯುವ ಆ ದತ್ತಿಗೆ ಪರ್ವದಿನದ ರಜೆಯಿಲ್ಲ.

ಎಲ್ಲ ಆರೈಕೆಯ ನಂತರವೂ ಕಾಲು ಗುಣವಾಗದ ಮರಿಯ ವಿಷಯವೇನು? ಇದೇ ಅತ್ಯಂತ ಕಠಿಣವಾದ ಪ್ರಶ್ನೆ. ‘ನರಳುವುದನ್ನು ನೋಡಲಾರೆವು, ಒಮ್ಮೆಗೇ ಮುಗಿಸಿದರೆ ಅದೇ ದಯೆ’ ಎಂದು ಅನೇಕರು ಹೇಳುತ್ತಾರೆ. ಲೋಕದಲ್ಲಿ ಅದು ಒಪ್ಪಿತವಾದ ಮಾತೂ ಹೌದು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ವಾದವನ್ನು ಎತ್ತಿಕೊಂಡು ಸ್ಪಷ್ಟವಾಗಿ ನಿರಾಕರಿಸಿದ್ದಾರೆ. ಬಹುದುಃಖದಲ್ಲಿರುವ ಜೀವಿಯನ್ನು ದುಃಖದಿಂದ ಬಿಡಿಸುವ ನೆಪದಲ್ಲಿಯೂ ಕೊಲ್ಲಬಾರದು. ಕರ್ಮವು ದೇಹದೊಡನೆ ಮುಗಿಯುವುದಿಲ್ಲವಾದುದರಿಂದ ಕೊಂದವನು ದುಃಖವನ್ನು ಕೊನೆಗಾಣಿಸಿದನೆಂದು ಹೇಳುವಂತಿಲ್ಲ. ಇನ್ನು ಕೆಲವರು ಕೊಲ್ಲುವುದಕ್ಕೆ ಅಂಜಿ ಆಹಾರವನ್ನು ನಿಲ್ಲಿಸಿ ‘ಶಾಂತವಾಗಿ ಹೋಗಲಿ, ಸಲ್ಲೇಖನದಂತೆ’ ಎನ್ನುತ್ತಾರೆ. ಇದು ದೊಡ್ಡ ಭ್ರಾಂತಿ. ಸಲ್ಲೇಖನವು ತಿಳಿದು, ಇಚ್ಛಿಸಿ, ಕಷಾಯಗಳನ್ನು ಕೃಶಗೊಳಿಸುತ್ತ ತಾನೇ ಸ್ವೀಕರಿಸುವ ವ್ರತ. ತಿರ್ಯಂಚರಲ್ಲಿಯೂ ಸಂಜ್ಞಿ ಪಂಚೇಂದ್ರಿಯವು ಐದನೆಯ ಗುಣಸ್ಥಾನವನ್ನು ಮುಟ್ಟಿ ವ್ರತವನ್ನು ಹಿಡಿಯಬಲ್ಲುದೆಂದು ಆಗಮ ಒಪ್ಪುತ್ತದೆ. ಮಹಾವೀರಸ್ವಾಮಿಯ ಪೂರ್ವಭವದ ಸಿಂಹವು ಇದಕ್ಕೆ ಸಾಕ್ಷಿ. ಆದರೆ ಆ ಸಿಂಹ ತಾನೇ ಆಹಾರವನ್ನು ಬಿಟ್ಟಿತು. ಒಬ್ಬನು ಇನ್ನೊಬ್ಬನ ಮೇಲೆ ಹೊರಿಸಿದ ಉಪವಾಸಕ್ಕೆ ಶಾಸ್ತ್ರದಲ್ಲಿರುವ ಹೆಸರು ಅನ್ನಪಾನನಿರೋಧವೊಂದೇ.

ಹಾಗಾದರೆ ಉಳಿದುದೇನು? ಮೆತ್ತನೆಯ ಒಣ ಹಾಸು, ಬೆಚ್ಚನೆಯ ಎಡೆ, ಕೊಕ್ಕಿನ ಬಳಿ ನೀರು, ನೋವು ಕಡಿಮೆಯಾಗಲು ವೈದ್ಯನ ಸಹಾಯ, ಒತ್ತಿನ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು. ಬಾತು ಹಿಂಡಿನ ಜೀವಿ, ಒಂಟಿಯಾದರೆ ಅರಚುತ್ತದೆ. ಬೇರೆ ಮರಿಗಳಿದ್ದರೆ ಅವು ಕುಕ್ಕದಂತೆ ನಡುವೆ ಜಾಲರಿಯಿಟ್ಟು, ಕಣ್ಣಿಗೆ ಕಾಣುವಂತೆ ಇರಿಸಬೇಕು. ತಿನ್ನಲೊಲ್ಲದಾದಾಗ ಗಂಟಲಿಗೆ ತುರುಕಬಾರದು. ಎದುರಿಗಿಟ್ಟ ಅನ್ನವನ್ನು ತೆಗೆಯಲೂ ಬಾರದು. ಕ್ಲೇಶದಲ್ಲಿರುವ ಜೀವಿಗಳಲ್ಲಿ ಕಾರುಣ್ಯಭಾವನೆಯನ್ನು ವಿಧಿಸಿದ ಆಚಾರ್ಯರು, ಗುಣವಾಗಿಯೇ ತೀರಬೇಕೆಂದು ವಿಧಿಸಲಿಲ್ಲ. ಗುಣವಾದ ಮರಿಯನ್ನು ಕೆರೆಗೆ ಬಿಟ್ಟು ಕೈತೊಳೆದುಕೊಳ್ಳುವುದೂ ಸಲ್ಲದು. ಸಾಕುತಳಿಯ ಬಾತುಗಳಲ್ಲಿ ಹೆಚ್ಚಿನವು ಚೆನ್ನಾಗಿ ಹಾರಲಾರವು, ನಾಯಿ ನರಿಗಳಿಂದ ತಪ್ಪಿಸಿಕೊಳ್ಳಲಾರವು. ಅದು ಎಂಟು ಹತ್ತು ವರ್ಷ ಬದುಕಬಲ್ಲುದು. ಆದಕಾರಣ ಮಕ್ಕಳ ವಿನೋದಕ್ಕೆಂದು ಸಂತೆಯಲ್ಲಿ ಮರಿ ಕೊಳ್ಳುವ ಮೊದಲು ಗೃಹಸ್ಥನು ತನ್ನ ಪ್ರಮಾದಚರ್ಯೆಯನ್ನು ಪರೀಕ್ಷಿಸಿಕೊಳ್ಳಬೇಕು. ತಾನಾಗಿ ಆಶ್ರಯಕ್ಕೆ ಬಂದುದನ್ನು ಮಾತ್ರ ಕೊನೆಯವರೆಗೆ ಹೊರಬೇಕು.

1960ರಲ್ಲಿ ಭಾರತ ಸರ್ಕಾರವು ಮಾಡಿದ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೆಯ ಪ್ರಕರಣವು ಹೊಡೆಯುವುದು, ಅತಿಭಾರ ಹೇರುವುದು, ಇಕ್ಕಟ್ಟಾಗಿ ಕೂಡಿಹಾಕುವುದು, ಅಂಗಚ್ಛೇದ, ಅನ್ನನೀರು ಕೊಡದಿರುವುದು ಇವನ್ನೆಲ್ಲ ಅಪರಾಧವೆಂದು ಎಣಿಸಿದೆ. ಕಾರಣವಿಲ್ಲದೆ ತೊರೆದುಬಿಡುವುದನ್ನೂ ಸೇರಿಸಿದೆ. ಐದು ಅತಿಚಾರಗಳ ಪಟ್ಟಿ ಹಳೆಯದಾಗಿಲ್ಲವೆಂಬುದಕ್ಕೆ ಇದೂ ಒಂದು ಪ್ರಮಾಣ. ಆದರೆ ಕಾಯ್ದೆಯು ಮಾಡಿದ ಮೇಲೆ ವಿಚಾರಿಸುತ್ತದೆ. ವ್ರತವು ಪ್ರತಿದಿನ ವಿಚಾರಿಸುತ್ತದೆ.

ಆದುದರಿಂದ ಮೊದಲ ಪ್ರಶ್ನೆಗೆ ಉತ್ತರ ಹೀಗೆ. ತಿಳಿದು, ಸಕಾಲದಲ್ಲಿ, ಸಡಿಲವಾಗಿ ಕಟ್ಟಿ, ಕಾದು, ಬಿಚ್ಚಿದವನಿಗೆ ಅತಿಚಾರವಿಲ್ಲ. ದೋಷಕ್ಕೆ ಅಂಜಿ ಕಟ್ಟದೆ ಮರಿಯನ್ನು ಹೆಳವಾಗಿಸಿದವನು ವ್ರತದ ಅಕ್ಷರವನ್ನು ಕಾದು ಅದರ ಪ್ರಯೋಜನವನ್ನು ಕಳೆದುಕೊಂಡನು. ಕಟ್ಟಿ ಮರೆತವನು ಎರಡನ್ನೂ ಕಳೆದುಕೊಂಡನು. ಸಂಜೆಯ ಪ್ರತಿಕ್ರಮಣದಲ್ಲಿ ಅಹಿಂಸಾಣುವ್ರತದ ಅತಿಚಾರಗಳನ್ನು ನೆನೆಯುವಾಗ, ಮನೆಯಲ್ಲಿ ಇಂಥದೊಂದು ಜೀವಿಯಿದ್ದರೆ ಶ್ರಾವಕನು ಐದು ಪ್ರಶ್ನೆಗಳನ್ನು ತನಗೆ ತಾನೇ ಹಾಕಿಕೊಳ್ಳಲಿ. ಕಟ್ಟನ್ನು ಇಂದು ಬಿಚ್ಚಿ ನೋಡಿದೆನೆ? ಎತ್ತುವಾಗ ನೋಯಿಸಿದೆನೆ? ಅಂಗಾಲನ್ನು ತಿರುವಿ ನೋಡಿದೆನೆ? ದೇಹವು ಕಾಲಿಗೆ ಭಾರವಾಗುತ್ತಿದೆಯೆ? ಬಟ್ಟಲು ಅದಕ್ಕೆ ಎಟುಕುವಲ್ಲಿದೆಯೆ? ಇವುಗಳಿಗೆ ಉತ್ತರ ಹೇಳಲು ಪಾಠ ಒಪ್ಪಿಸಿದರೆ ಸಾಲದು, ಎದ್ದು ಹೋಗಿ ಮರಿಯನ್ನು ನೋಡಿ ಬರಬೇಕಾಗುತ್ತದೆ.